ಮನೆ ನಡುಗಿದಾಗ

ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಿದ್ದ ನಂದಿದುರ್ಗ ಲೈನಿನಲ್ಲಿ ನಮ್ಮ ಪಕ್ಕದ ಮನೆಯಾಕೆಯ ಮಗ ಏಳು ವರ್ಷದವನಿದ್ದಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಳೆದುಹೋಗಿದ್ದ. ಎಷ್ಟೋ ವರ್ಷದ ಮೇಲೆ ಹುಡುಗನೊಬ್ಬ ಬಂದು ಆ ಮಗನ ಹೆಸರನ್ನೇ ತನ್ನದೆಂದು ಹೇಳಿದ. ಅನಾಥಾಲಯದಿಂದ ಓಡಿಬಂದವನೆಂದು ಲೈನಿನವರ ಗುಮಾನಿ. ಆಕೆ ದಿಟ್ಟಿಸಿದಾಗಲೆಲ್ಲ ಅವನು ಉಗುರು ಕಚ್ಚುತ್ತ, "ನಾನೇ ಕಣಮ್ಮ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಗಣಿಯೊಳಗೆ ಬಂಡೆ ಸಿಡಿದು ಮನೆಗಳೆಲ್ಲ ನಡುಗಿದವು. ನಮಗದು ರೂಢಿ. ಪಾತ್ರೆ ಬೀಳದಂತೆ ಹಿಡಿದುಕೊಂಡು ಕೂತಲ್ಲೇ ಕೂರುತ್ತೇವೆ. ಅವನು ಮಾತ್ರ ಕಿರುಚುತ್ತ ಬೀದಿಗೆ ಓಡಿದ. ಬಾಗಿಲುಗಳಲ್ಲಿ ನಿಂತು ಎಲ್ಲರೂ ಅವನನ್ನೇ ನೋಡಿದರು.

"ಇವ್ನು ಈ ಲೈನಲ್ಲಿ ಉಟ್ದೋನಲ್ಲ," ಅಂದುಬಿಟ್ಟರು ನಮ್ಮಪ್ಪ.

ಅವನು ಬೀದಿಯಲ್ಲೇ ನಿಂತು ಉಗುರು ಕಚ್ಚತೊಡಗಿದ.

ಆಕೆ ಬಂದು ಅವನ ಕೈ ಹಿಡಿದಳು. "ಒಳಕ್ ಬಾ ಮಗಾ. ಇಂಗ್ ಅಲುಗ್ದಾಗ ಓಡಬಾರ್ದು, ಪಾತ್ರೆ ಇಡ್ಕಬೇಕು. ಯೋಳ್ಕೊಡ್ತೀನಿ ಬಾ."