ತಿರುಗದ ದೀಪಸ್ತಂಭ

ತಪ್ಪು ನನ್ನದು, ಅದರ ಫಲವನ್ನು ಉಂಡವಳು ನನ್ನ ಮಗಳು ಮಾನ್ವಿ. ಆಗ ಅವಳಿಗೆ ಹತ್ತು ವರ್ಷ. ಈ ಬೆಳಿಗ್ಗೆ ಪರ್ಕಳದ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಯಾರೋ ಥರ್ಮೋಕೋಲಿಗೆ ಅಂಟು ಹಚ್ಚುತ್ತಿದ್ದರು. ಆ ವಾಸನೆ ಕಿಟಕಿ ದಾಟಿ ಬಂದದ್ದೇ ತಡ, ಎರಡು ವರ್ಷಗಳಿಂದ ಮರೆಯಲು ಹೆಣಗುತ್ತಿದ್ದುದೆಲ್ಲ ನೆನಪಾಯಿತು.

ನನ್ನನ್ನು ಬಲ್ಲ ಓದುಗರಿಗೆ ಗೊತ್ತು: ಅನ್ಯಾಯ ಕಂಡರೆ ಅದಕ್ಕೊಂದು ಹೆಸರಿಟ್ಟು ಮನವಿಪತ್ರ ಬರೆಯದೆ ನನಗೆ ಊಟ ಸೇರದು. ಅಂಕಗಳ ದಬ್ಬಾಳಿಕೆ, ಟ್ಯೂಷನ್ನಿನ ಶೋಷಣೆ, ಅಷ್ಟೇಕೆ, ಶಾಲಾ ಚೀಲದ ಹಿಂಸೆಯ ವಿರುದ್ಧವೂ ಸಹಿ ಸಂಗ್ರಹಿಸಿದವಳು ನಾನು. ಕಾರ್ಕಳದ ಪೋಷಕರ ಸಭೆಯಲ್ಲಿ 'ಮಕ್ಕಳನ್ನು ಸೋಲಲು ಬಿಡಿ' ಎಂದು ಮುಕ್ಕಾಲು ಗಂಟೆ ಮಾತಾಡಿ ಬಂದ ವಾರವೇ ಮಾನ್ವಿಯ ವಿಜ್ಞಾನ ಪ್ರದರ್ಶನವಿತ್ತು.

ಅವಳು ಕಾಪುವಿನ ದೀಪಸ್ತಂಭದ ಮಾದರಿ ಮಾಡಿದ್ದಳು. ತುದಿಯ ದೀಪ ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಮೂರು ಸಲ ಬಿಚ್ಚಿ ಕಟ್ಟಿದಳು. ಅವಳಿಗೇನೂ ಬೇಸರವಿರಲಿಲ್ಲ, ಬೇಸರವೆಲ್ಲ ನನಗೆ. ಅವಳು ಶಾಲೆಗೆ ಹೋದ ಹೊತ್ತು ನೋಡಿ ಹಿರಿಯಡ್ಕದ ಎಲೆಕ್ಟ್ರಿಷಿಯನ್ ಸ್ಟ್ಯಾನಿಯವರನ್ನು ಕರೆಸಿದೆ.

"ಮಗು ಮಾಡಿದ್ದು ಚಂದ ಉಂಟಲ್ಲ ಮೇಡಂ. ಎಂತಕ್ಕೆ ಬಿಚ್ಚುದು?"

"ನಾಳೆ ಎಲ್ಲರ ಎದುರು ನಿಂತುಬಿಟ್ಟರೆ?"

"ನಿಲ್ಲಲಿ ಮಾರಾಯ್ರೆ! ಇದು ಎಂತ, ಹಡಗಿಗೆ ದಾರಿ ತೋರಿಸ್ಲಿಕ್ಕೆ ಉಂಟಾ?"

'ಪೂರಕ ವಾತಾವರಣ' ಎಂಬ ಪದಪ್ರಯೋಗದಿಂದ ಅವರ ಬಾಯಿ ಮುಚ್ಚಿಸಿದೆ. ಒಳಗಿನ ಮೋಟಾರು, ತಂತಿಯೆಲ್ಲ ಹೊಸದಾಯಿತು, ಮಾನ್ವಿ ಜೋಡಿಸಿದ್ದು ಕಸದ ಗಾಡಿ ಹತ್ತಿತು. ಸಂಜೆ ಅವಳು ಕೇಳಿದಾಗ 'ಸ್ವಲ್ಪ ಸರಿ ಮಾಡಿಸಿದೆ' ಎಂದೆ.

ಮಣಿಪಾಲದ ಸಭಾಂಗಣದಲ್ಲಿ ದೀಪ ಸೊಗಸಾಗಿ ತಿರುಗಿತು. ತೀರ್ಪುಗಾರರು ಬಗ್ಗಿ ಕೇಳಿದರು: "ಇದು ಹೇಗೆ ತಿರುಗ್ತದೆ, ಪುಟ್ಟಿ?"

"ಗೊತ್ತಿಲ್ಲ ಸರ್. ನನ್ನದು ನಿಲ್ತಾ ಇತ್ತು. ಇದು ಅಮ್ಮನದ್ದು."

ಅವರು ನನ್ನತ್ತ ತಿರುಗಿದರು. "ಹಾಗಾದ್ರೆ ನೀವು ಎಷ್ಟನೇ ಕ್ಲಾಸ್ ಮೇಡಂ?"

ಸುತ್ತಲಿದ್ದವರೆಲ್ಲ ನಕ್ಕರು. ಎಲ್ಲ ಅನ್ಯಾಯಗಳಿಗೂ ಹೆಸರಿಡುವ ನನಗೆ ಇದೊಂದಕ್ಕೆ ಹೆಸರು ಹೊಳೆಯಲಿಲ್ಲ. ಮರಳುವಾಗ ಬಸ್ಸಿನಲ್ಲಿ ಮಾನ್ವಿ ಅಳಲಿಲ್ಲ, ಸಿಟ್ಟಾಗಲಿಲ್ಲ. "ನನ್ನದು ಎಂತಕ್ಕೆ ನಿಲ್ತಿತ್ತು ಅಂತ ಇನ್ನು ಗೊತ್ತೇ ಆಗುದಿಲ್ಲ ಅಲ್ವಾ, ಅಮ್ಮ?" ಎಂದಳು, ಅಷ್ಟೇ. ಆಮೇಲೆ ಅವಳು ಒಂದು ಸ್ಕ್ರೂ ಕೂಡ ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಇಂದು ಸಂಜೆ ಅದೇ ಪ್ರದರ್ಶನದ ಅರ್ಜಿ ತಂದಿದ್ದಾಳೆ. "ಹೆಸರು ಕೊಡ್ತೇನೆ. ಆದರೆ ನೀನು ಮುಟ್ಲಿಕ್ಕಿಲ್ಲ." ತುಟಿಯವರೆಗೆ ಬಂದ ಸಲಹೆಯನ್ನು ನುಂಗಿ ಸಹಿ ಹಾಕಿದೆ.

ಆದ್ದರಿಂದ ಸಂಘಟಕರೇ, ಈ ಸಲ ಕೆಟ್ಟು ನಿಂತ ಮಾದರಿಗಳಿಗೂ ಒಂದು ಮೇಜು ಇಡಿ. ಏಕೆ ನಿಂತಿತೆಂದು ಮಗುವೇ ಹೇಳಲಿ. ನೀವು ಕುಳಿತು ಕೇಳಿ. ಪೋಷಕರನ್ನು ಗೇಟಿನ ಹೊರಗೇ ತಡೆಯಿರಿ. ತಡೆಯಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರನ್ನೇ ಮೊದಲು ಬರೆಯಿರಿ.