ಕಲ್ಯಾಣಪ್ಪನ ಮಜಮೂನು

ಕಮಲಾಪುರದ ದೌಲಪ್ಪನ ಮಗ ಕಲ್ಯಾಣಪ್ಪ ಮೆಟ್ರಿಕ್ ಪಾಸಾದ ಸುದ್ದಿ ಊರಿಗೆ ಮುಟ್ಟಿದ ದಿನ ಅವರ ಬಾಳೆತೋಟದಲ್ಲಿ ಯಾರೂ ಕೆಲಸ ಮಾಡಲಿಲ್ಲ. ನಿಜಾಮರ ಸೀಮೆಯಲ್ಲಿ ಮೆಟ್ರಿಕ್ ಎಂದರೆ ಹುಡುಗಾಟವೇ? ಲೆಕ್ಕ ಉರ್ದುವಿನಲ್ಲಿ, ಭೂಗೋಳ ಉರ್ದುವಿನಲ್ಲಿ, ಬೈಸಿಕೊಳ್ಳುವುದೂ ಉರ್ದುವಿನಲ್ಲೇ. ಇದನ್ನೆಲ್ಲ ದಾಟಿ ಬಂದವನ ತಲೆ ಸ್ವಲ್ಪ ತಿರುಗಿದರೆ ತಪ್ಪಿಲ್ಲ. ಕಲ್ಯಾಣಪ್ಪನದು ಪೂರಾ ತಿರುಗಿತ್ತು. ಅವನಿಗೆ ಲೋಕದಲ್ಲಿರುವುದೆಲ್ಲ ಓದಬೇಕಾಗಿತ್ತು.

ಸೋಮವಾರ ಗಣಿತ ಎನ್ನುವನು. ಬುಧವಾರದ ಹೊತ್ತಿಗೆ ಗಣಿತ ಹಳಸಿ ರಸಾಯನ ಬಂದಿರುತ್ತಿತ್ತು. ಶುಕ್ರವಾರ ಯಾರೋ ಫಾರ್ಸಿ ಮಾತಾಡಿದ್ದು ಕಿವಿಗೆ ಬಿದ್ದರೆ ಫಾರ್ಸಿಯೇ ಸೈ. ಒಂದನ್ನು ಆರಿಸಿದರೆ ಉಳಿದವು ಮುನಿಸಿಕೊಳ್ಳುತ್ತವೆ ಎಂಬಂತೆ ಎಲ್ಲವನ್ನೂ ಓಲೈಸುತ್ತಿದ್ದ.

ದೌಲಪ್ಪ ಹೆಚ್ಚು ಮಾತಿನವನಲ್ಲ. ಒಂದು ದಿನ ಮಗನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದ.

"ಏನ್ ಓದ್ತಿ, ಒಂದ ಮಾತ್ನಾಗ ಹೇಳು. ಹೇಳಿದ್ರ ಕಳಸ್ತೀನಿ. ಇಲ್ಲಂದ್ರ ಮಳಿ ಬೀಳೂದ್ರೊಳಗ ಕಲಬುರ್ಗಿಯೊಳಗ ನಿಮ್ಮ ಮಾವನ ತೊಗರಿ ಅಂಗಡ್ಯಾಗ ಕೂಡು."

ಒಂದೇ ಮಾತು! ಕಲ್ಯಾಣಪ್ಪನ ಬಾಯಲ್ಲಿ ನೂರು ಮಾತಿದ್ದವು, ಆ ಒಂದು ಇರಲಿಲ್ಲ. ಕಾಲೇಜಿನಲ್ಲಿ ಹೇಳುವ ಉರ್ದು ಹೆಸರುಗಳನ್ನು ನೆನೆದು, "ತಬೀಯಾತ್ ಓದ್ಲೇನು?" ಎಂದ. ಭೌತಶಾಸ್ತ್ರಕ್ಕೆ ಅವರು ಹಾಗೆನ್ನುತ್ತಾರೆ. ಒಳಗಿನಿಂದ ತಾಯಿ ಶಂಕ್ರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. ಅವಳಿಗೆ ಕೇಳಿಸಿದ್ದು ತಬ್ಯತ್, ಅಂದರೆ ಮೈಯ ಆರೋಗ್ಯ.

"ತಬ್ಯತ್ ಓದಾಕ ಅಷ್ಟು ದೂರ ಯಾಕ ಹೋಗ್ಬೇಕೋ? ಮನ್ಯಾಗ ನಾಕು ದಿನ ಹೊಟ್ಟಿ ತುಂಬ ಉಣ್ಣು, ತಬ್ಯತ್ ತಾನ ಸುಧಾರಿಸ್ತದ."

"ಹಂಗಾದ್ರ ಹೈವಾನಿಯಾತ್," ಎಂದ ಕಲ್ಯಾಣಪ್ಪ. ಅದು ಪ್ರಾಣಿಶಾಸ್ತ್ರ. ದೌಲಪ್ಪನಿಗೆ ಕೇಳಿಸಿದ್ದು ಹೈವಾನ ಅಷ್ಟೇ.

"ದನದಂಗ ಇರೂದು ಕಲಿಯಾಕ ಕಾಲೇಜು ಬೇಕೇನು? ನೀ ಈಗಾಗ್ಲೇ ಪಾಸಾಗೀದಿ."

ಕಲ್ಯಾಣಪ್ಪ ನಗುತ್ತಲೇ ಮೋಟಾರು ಹತ್ತಿ ಕಲಬುರಗಿಗೆ ಬಂದ. ಜಗತ್ ಬಡಾವಣೆಯಲ್ಲಿ ಶಾಲೆಗೆಂದು ಹಿಡಿದಿದ್ದ ಅವನ ಕೋಣೆಯಲ್ಲಿ ಗೆಳೆಯ ಇಮಾಮುದ್ದೀನ್ ಕಾಯುತ್ತಿದ್ದ. ಇಮಾಮುದ್ದೀನನ ತಂದೆ ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವವರು. ಹಾಗಾಗಿ ಮಗನಿಗೂ ದರಖಾಸ್ತಿನ ರೀತಿ ರಿವಾಜೆಲ್ಲ ಗೊತ್ತಿತ್ತು. ಇಬ್ಬರೂ ಚಾಪೆ ಹಾಸಿ ಕಾಲೇಜುಗಳನ್ನು ಆರಿಸಲು ಕೂತರು. ಕನ್ನಡ ಕಿವಿಗೆ ಬೀಳಲಿ ಎಂದು ಧಾರವಾಡ. ದೊಡ್ಡ ದೊಡ್ಡ ಪಂಡಿತರಿದ್ದಾರೆ ಎಂದು ಪುಣೆ. ಕಲಿತ ಉರ್ದು ನೀರುಪಾಲಾಗಬಾರದೆಂದು ಹೈದರಾಬಾದು. ಮೂರೂ ಊರು ಕಣ್ಣ ಮುಂದೆ ಕುಣಿದವು. ಕಲ್ಯಾಣಪ್ಪ ಒಂದೇ ಸಂಜೆಯಲ್ಲಿ ಮೂರೂ ಕಡೆ ಪದವಿ ಪಡೆದು ಬಂದಷ್ಟು ಹಿಗ್ಗಿದ.

ಆದರೆ ಯಾವ ಕಾಲೇಜಾದರೂ ಕೇಳುವುದು ಅದನ್ನೇ: ಮಜಮೂನು ಯಾವುದು? ವಿಷಯ ಯಾವುದು? ಯೋಚಿಸುತ್ತ ಕೂತಾಗಲೇ ಧಾರವಾಡದ ಗಡುವು ಮುಗಿಯಿತು. ಪುಣೆಯ ಅರ್ಜಿಯಲ್ಲಿ ಒಂದೇ ಸಾಲಿನಲ್ಲಿ ಐದು ವಿಷಯ ತುರುಕಿ, ಹೊಡೆದು ಹಾಕಿ, ಮತ್ತೆ ಬರೆದು, ಕೊನೆಗೆ ಕಾಗದವೇ ತೂತಾಯಿತು. ಉಳಿದದ್ದು ಹೈದರಾಬಾದಿನ ಒಂದು ಕಾಲೇಜು. ಅದಕ್ಕೂ ಕೊನೆಯ ಟಪಾಲಿನ ದಿನ ಬಂದೇ ಬಿಟ್ಟಿತು.

ಕಲ್ಯಾಣಪ್ಪ ಬಿಳಿ ಹಾಳೆಯ ಮೇಲೆ ಉರ್ದುವಿನಲ್ಲಿ ದರಖಾಸ್ತು ಬರೆದ. ಹೆಸರು, ತಂದೆಯ ಹೆಸರು, ಊರು. ಕೆಳಗೆ 'ಮಜಮೂನ್' ಎಂದು ಬರೆದು, ಆಮೇಲೆ ತುಂಬಿದರಾಯಿತೆಂದು ಮುಂದೆ ಜಾಗ ಬಿಟ್ಟ. ಹಾಳೆ ಮುಗಿಯುತ್ತ ಬಂದಿದ್ದರಿಂದ ಆ ಜಾಗದಲ್ಲೇ 'ತಾರೀಖ್' ಎಂದು ಬರೆದು ತಲೆಯೆತ್ತಿದ.

"ಸರ್ಕಾರದ ಫಸಲಿ ತಾರೀಖ ಹಾಕ್ಲೇನು, ಇಂಗ್ರೇಜಿದು ಹಾಕ್ಲೇನು?"

"ಅರೆ ಯಾರ್, ರೈಲು ಸೀಟಿ ಹೊಡೀತು!" ಎಂದವನೇ ಇಮಾಮುದ್ದೀನ್ ಹಾಳೆ ಕಸಿದು ಮಡಚಿ ಲಕೋಟೆಗೆ ತುರುಕಿ ಸ್ಟೇಶನ್ನಿಗೆ ಓಟ ಕಿತ್ತ. ಕಲ್ಯಾಣಪ್ಪ ಧೋತರ ಎತ್ತಿಕೊಂಡು ಹಿಂದೆ ಓಡಿದ.

ಟಪಾಲು ಹೋದ ಮೇಲೆ ಇಮಾಮುದ್ದೀನ್ ಏದುಸಿರು ಬಿಡುತ್ತ ಕೇಳಿದ.

"ಕಡೀಗಿ ಮಜಮೂನ್ ಏನ್ ಬರದಿ?"

ಮಜಮೂನು ತುಂಬುವುದನ್ನೇ ಮರೆತದ್ದು ಹೊಳೆದು ಕಲ್ಯಾಣಪ್ಪ ಹಣೆ ಬಡಿದುಕೊಂಡ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಣೆಗೆ ಬಂದ ಮೇಲೆ ಮಾತ್ರ ಕಲ್ಯಾಣಪ್ಪನಿಗೆ ತೊಗರಿ ಅಂಗಡಿ ನೆನಪಾಗಿ ಅಳು ಬಂತು.

ಮಳೆಗಾಲ ಹತ್ತಿರವಾದಾಗ ಹೈದರಾಬಾದಿನಿಂದ ಕಾಗದ ಬಂತು. 'ಮಜಮೂನ್: ತಾರೀಖ್. ಮಂಜೂರ್.' ಎರಡು ಸಲ ಓದಿದ ಮೇಲೆ ಕಲ್ಯಾಣಪ್ಪನಿಗೆ ಬೆಳಕು ಹರಿಯಿತು. ದಿನಾಂಕಕ್ಕೂ ಇತಿಹಾಸಕ್ಕೂ ಉರ್ದುವಿನಲ್ಲಿ ಒಂದೇ ಶಬ್ದ. ದಿನ ಬರೆಯಹೋಗಿ ಅವನು ಇತಿಹಾಸ ಬೇಡಿದ್ದ, ಅವರು ಕೊಟ್ಟಿದ್ದರು. ಇಮಾಮುದ್ದೀನನನ್ನು ತಬ್ಬಿಕೊಂಡು ಕೋಣೆಯ ತುಂಬ ಕುಣಿದ. ಅಪ್ಪ ಕೇಳಿದ ಒಂದು ಮಾತು ಕೊನೆಗೂ ಸಿಕ್ಕಿತ್ತು.

ಕಮಲಾಪುರದಲ್ಲಿ ದೌಲಪ್ಪ ತೋಟದ ಬಾವಿಯ ಪಕ್ಕ ಗೊನೆ ಕಡಿಯುತ್ತಿದ್ದ. ಕಲ್ಯಾಣಪ್ಪ ಎದೆಯುಬ್ಬಿಸಿ ಎದುರಿಗೆ ನಿಂತ.

"ಯಪ್ಪಾ, ತಾರೀಖ. ಹಿಂದಿನವರ ಕಥಿ. ಅದನ್ನ ಓದ್ತೀನಿ."

"ಖರೇನ ಅದ ಬೇಕೇನು ನಿನಗ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪನ ಮುಖ ನೋಡುತ್ತ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ, ನಗುವನ್ನೂ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ನಗುನಗುತ್ತ ಹೇಳಿಬಿಟ್ಟ. ಹೇಳಿ ಮುಗಿಸಿದಾಗ ತಾನೊಬ್ಬನೇ ನಗುತ್ತಿರುವುದು ಗೊತ್ತಾಯಿತು. ಕೆಲಸ ಕೆಟ್ಟಿತು ಎಂದುಕೊಂಡ.

ದೌಲಪ್ಪ ಕುಡುಗೋಲು ಕೆಳಗಿಟ್ಟ.

"ಅದ್ರಾಗ ನಮ್ಮ ಊರು ಬರ್ತದೇನು?"

"ಇಲ್ಲ ಯಪ್ಪಾ. ಬಾದಶಾಹರು, ಲಡಾಯಿ, ಅಂಥಾವೇ ಬರ್ತಾವ."

"ಈ ಬಾವಿ ನಮ್ಮಪ್ಪ ತೋಡಿಸ್ಯಾನ. ಯಾವಾಗ, ಯಾರ್ ಯಾರ್ ಕೂಡಿ ತೋಡಿದ್ರು, ನನಗ ಅರ್ಧಾ ಗೊತ್ತದ. ಪೂರಾ ಗೊತ್ತಿದ್ದವರು ಹೋಗ್ಯಾರ. ಹೋಗು, ಓದಿ ಬಾ. ಬಂದು ಮೊದಲ ನನಗ ಕೇಳು. ನಾ ಇರೂದ್ರೊಳಗ."

ಗಣಿತ, ರಸಾಯನ, ಫಾರ್ಸಿ ಯಾವುದೂ ಕಲ್ಯಾಣಪ್ಪನಿಗೆ ನೆನಪಾಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತು, ಕಾಲೇಜಿನ ಕಾಗದವನ್ನು ಮಗುಚಿ ಮೊಣಕಾಲ ಮೇಲಿಟ್ಟುಕೊಂಡು, ಕಿಸೆಯಿಂದ ಪೆನ್ಸಿಲು ತೆಗೆದ.

"ಈಗ ಹೇಳು ಯಪ್ಪಾ."

ದೌಲಪ್ಪ ಕೈ ಒರೆಸಿಕೊಂಡು ಮಗನ ಪಕ್ಕದಲ್ಲಿ ಕೂತ.

"ಬರಕೋ. ನಮ್ಮಪ್ಪನ ಹೆಸರು ಮರೆಪ್ಪ."