ವಿಯೆನ್ನಾದಲ್ಲಿ ಸಿಕ್ಕಿದ ಒಂದು ಮುಖ

ದೋಹಾದ ನಮ್ಮ ಫೋಟೋ ಬಳಗದವರು ನನ್ನನ್ನು ‘ಬಾಗಿಲಮ್ಮ’ ಅಂತ ಕರೆಯುತ್ತಾರೆ. ಸೂಕ್ ವಾಕಿಫ್ ಪೇಟೆಯ ಹಳೆ ಬಾಗಿಲು, ಅದರ ಚಿಲಕ, ಅದರ ಮುಂದೆ ಮಲಗಿದ ಬೆಕ್ಕು, ಇಷ್ಟೇ ನನ್ನ ಆಸ್ತಿ. ಏನು ಮಾಡುವುದು ಮಾರ್ರೆ? ಕೇಳದೆ ಇಲ್ಲಿ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯುವ ಹಾಗಿಲ್ಲ, ಕೇಳಲಿಕ್ಕೆ ನನಗೆ ನಾಚಿಕೆ. ಈ ಸಲದ ಪ್ರದರ್ಶನಕ್ಕೋ, ಮನುಷ್ಯರ ಮುಖವೇ ಬೇಕಂತೆ! ಈದ್ ರಜೆಗೆ ವಿಯೆನ್ನಾಕ್ಕೆ ಹೊರಟಾಗ, ಒಂದು ಮುಖವನ್ನಾದರೂ ತಂದೇ ತರುತ್ತೇನೆ ಅಂತ ಗಂಡನ ಎದುರು ಜಂಬ ಕೊಚ್ಚಿಕೊಂಡಿದ್ದೆ.

ಆದರೆ ಅಭ್ಯಾಸ ಬಿಡಬೇಕಲ್ಲ. ಅಷ್ಟು ಚಂದದ ಊರು, ಎಲ್ಲರೂ ಎಲ್ಲರ ಫೋಟೋ ಹೊಡೆಯುತ್ತಿದ್ದಾರೆ. ನಾನು ಮಾತ್ರ ಯಾರಾದರೂ ಚೌಕಟ್ಟಿನೊಳಗೆ ಬಂದ ಕೂಡಲೇ ಕ್ಯಾಮೆರಾ ಇಳಿಸಿ, ಅವರು ದಾಟುವವರೆಗೆ ಕಾಯುತ್ತಿದ್ದೆ. ಅರಮನೆ, ಕಂಬ, ಕಲ್ಲಿನ ಕುದುರೆ, ಮತ್ತೆ ಬಾಗಿಲು. ಇವರಿಗೋ ಬೇರೆಯೇ ಚಿಂತೆ. “ಇಷ್ಟು ಕಿಟಕಿ ಒರೆಸುವುದು ಯಾರೇ?” ಅನ್ನುತ್ತಿದ್ದರು.

ಕೊನೆಯ ದಿನ ಅಲ್ಲಿಯ ದೊಡ್ಡ ಮಾರ್ಕೆಟಿಗೆ ಹೋದೆವು. ಆಲಿವ್ ಮಾರುವ ಹುಡುಗನೊಬ್ಬ ಒಂದು ಆಲಿವನ್ನು ಮೇಲಕ್ಕೆಸೆದು ಬಾಯಲ್ಲಿ ಹಿಡಿದು, ತನ್ನಷ್ಟಕ್ಕೇ ನಗುತ್ತಿದ್ದ. ಅಯ್ಯೋ, ಎಂಥಾ ಮುಖ! ಧೈರ್ಯ ಮಾಡಿ ಹತ್ತಿರ ಹೋದೆ. ನನ್ನ ಬಾಯಿಂದ ಬಂದದ್ದು, “ಮುಮ್ಕಿನ್ ಸೂರಾ?” ಫೋಟೋ ತೆಗೆಯಬಹುದಾ ಅಂತ, ವಿಯೆನ್ನಾದಲ್ಲಿ, ಅರಬ್ಬಿಯಲ್ಲಿ! ಮನೆಯಿಂದ ಹೊರಗೆ ಕಾಲಿಟ್ಟರೆ ಅರಬ್ಬಿಯೇ ಬೇಕು ಅಂತ ನಮ್ಮ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಇವರು ಹಣೆ ಚಚ್ಚಿಕೊಂಡರು.

ಹುಡುಗ ಒಂದು ಕ್ಷಣ ಪಿಳಿಪಿಳಿ ನೋಡಿದ. ಆಮೇಲೆ ಮುಖ ಇಷ್ಟಗಲ ಆಯಿತು. “ತಫದ್ದಲಿ, ತೆಗೀರಿ ತೆಗೀರಿ!” ಸಿರಿಯಾದವನಂತೆ. ಕ್ಲಿಕ್ ಅನಿಸಿದೆ. ನನ್ನ ಜನ್ಮದಲ್ಲೇ ಅಂಥ ಫೋಟೋ ತೆಗೆದಿರಲಿಲ್ಲ.

ಇವರ ಅರಬ್ಬಿ ನನ್ನದಕ್ಕಿಂತ ವಾಸಿ. ಮಾತಿನ ಮಧ್ಯೆ, ಇದನ್ನು ದೋಹಾದಲ್ಲಿ ಗೋಡೆಗೆ ಹಾಕುತ್ತೇವೆ ಅಂದರು. ಹುಡುಗನ ನಗು ಅಲ್ಲಿಗೇ ಖಲಾಸ್. ದೋಹಾದಲ್ಲಿ ಅವನ ಊರವರು ತುಂಬ ಇದ್ದಾರೆ, ಹೇಗಾದರೂ ಸುದ್ದಿ ಮನೆಗೆ ಮುಟ್ಟುತ್ತದೆ, ಅಮ್ಮನಿಗೆ ಆಫೀಸಿನಲ್ಲಿ ಕೆಲಸ ಅಂತ ಹೇಳಿದ್ದಾನಂತೆ, ದಯವಿಟ್ಟು ಅಳಿಸಿ ಅಂತ ಅಂಗಲಾಚಿದ.

ನನಗೆ ಹೊಟ್ಟೆ ಉರಿಯಿತು. ಸಿಕ್ಕಿದ್ದೇ ಒಂದು ಮುಖ! ಇವರು ಮೆಲ್ಲನೆ, “ನಮ್ಮ ಮದುವೆಯಾಗುವಾಗ ನಾನೂ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದೆ. ನಿಮ್ಮ ಮನೆಯಲ್ಲಿ ಏನಂತ ಹೇಳಿದ್ದೆವು?” ಅಂದರು. ಆಫೀಸು ಅಂತಲೇ ಹೇಳಿದ್ದರು. ಹುಡುಗನ ಕಣ್ಣೆದುರೇ ಅಳಿಸಿದೆ, ಮುಖ ಊದಿಸಿಕೊಂಡೇ.

ನನ್ನನ್ನು ನೋಡಿ ಅವನಿಗೆ ಪಾಪ ಅನಿಸಿರಬೇಕು. ಅಮ್ಮನಿಗೆ ಕಳಿಸಲಿಕ್ಕೆ ಒಂದು ಒಳ್ಳೆಯ ಫೋಟೋ ತೆಗೆಯುತ್ತೀರಾ ಅಂತ ಕೇಳಿದ. ಇವರು “ಯಲ್ಲಾ, ಬಾ ಬಾ” ಅಂತ ತಮ್ಮ ಕೋಟು ಬಿಚ್ಚಿಯೇ ಕೊಟ್ಟರು. ಹುಡುಗ ಏಪ್ರನ್ ತೆಗೆದು, ಕೋಟು ತೊಟ್ಟು, ಕೂದಲು ನೀವಿಕೊಂಡು, ಚಿನ್ನದ ಬಳ್ಳಿಯ ಚಿತ್ತಾರವಿದ್ದ ಎದುರಿನ ಕಟ್ಟಡದ ಮುಂದೆ ನಿಂತ. ತೋಳು ಗಿಡ್ಡ, ಹೊಟ್ಟೆಯ ಹತ್ತಿರ ಇನ್ನೊಬ್ಬ ಹಿಡಿಯುವಷ್ಟು ಜಾಗ. ಥೇಟ್ ಪಾಸ್‌ಪೋರ್ಟ್ ಫೋಟೋದ ಮುಖ. ತೆಗೆದು ಅವನ ಫೋನಿಗೆ ಹಾಕಿದೆ, ಅವನು ಅಲ್ಲೇ ಅಮ್ಮನಿಗೆ ಕಳಿಸಿದ.

ನಮ್ಮ ಆಲಿವ್ ಕಟ್ಟಿಕೊಡುವಷ್ಟರಲ್ಲಿ ಅಮ್ಮನ ವಾಯ್ಸ್ ಮೆಸೇಜ್ ಬಂತು. ಕೇಳುತ್ತಾ ಕೇಳುತ್ತಾ ಹುಡುಗನ ಕೈ ನಿಂತಿತು. ಇವರು ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದರು: “ಕೋಟು ಚೆನ್ನಾಗಿದೆ ಕಂದಾ. ಯಾರದ್ದೋ ಅವರಿಗೆ ಬೇಗ ವಾಪಸ್ ಕೊಡು, ಅವರಿಗೂ ಚಳಿಯಾಗುತ್ತದೆ. ನಿನ್ನ ಕೆಲಸದ ಬಟ್ಟೆಯಲ್ಲಿರುವ ಫೋಟೋ ಇದ್ದರೆ ಕಳಿಸು.”

ಹುಡುಗ ಜೋರಾಗಿ ನಕ್ಕ, ಕಣ್ಣೂ ಒರೆಸಿಕೊಂಡ. ಕೋಟು ಬಿಚ್ಚಿ ಇವರ ಹೆಗಲಿಗೆ ತಾನೇ ಹೊದಿಸಿ, ಏಪ್ರನ್ ಕಟ್ಟಿಕೊಂಡು ಅಂಗಡಿಯ ಮುಂದೆ ಸೆಟೆದು ನಿಂತ.

“ಒತ್ತು ಮಾರಾಯ್ತಿ, ಏನು ನೋಡ್ತಾ ನಿಂತಿದ್ದೀ!” ಅಂತ ಇವರು ಕೂಗಿದರು. ಒತ್ತುವುದು ಹೇಗೆ? ನನಗೇ ಏನೂ ಕಾಣುತ್ತಿರಲಿಲ್ಲ.